ಸೆಪ್ಸಿಸ್ ರೋಗಿಗೆ ‘ಹಾರ್ಟ್ ಪಂಪಿಂಗ್ ಕಡಿಮೆ’ ಎಂದರೆ ಮನೆಯವರು ಏನು ಮಾಡಬೇಕು?

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: “ಜ್ವರ ಅಂತ ದವಾಖಾನಿಗೆ ಸೇರಿಸಿದ್ವಿ. ಎರಡನೇ ದಿನ ಹಾರ್ಟ್ ಪಂಪಿಂಗ್ ಕಡಿಮಿ ಆಗ್ಯದ ಅಂದ್ರು. ನಮ್ಮಪ್ಪಗ ಮೊದಲು ಹಾರ್ಟಿಂದು ಏನೂ ಇರಲಿಲ್ಲ. ಇದು ಹಾರ್ಟ್ ಅಟ್ಯಾಕಾ? ಸ್ಟೆಂಟ್ ಹಾಕಸಬೇಕಾ? ಹೈದರಾಬಾದಿಗೆ ಒಯ್ಯಬೇಕಾ?”

ಚಿಕ್ಕ ಉತ್ತರ ಮೊದಲು ಹೇಳಿಬಿಡುತ್ತೇನೆ. ಜೋರಾದ ಸೋಂಕಿನಲ್ಲಿ ಹೃದಯದ ಸ್ನಾಯು ಸೋಲುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ತೊಡಕು. ಹೆಚ್ಚಿನ ಸಲ ಅದಕ್ಕೆ ಹೃದಯದ ರಕ್ತನಾಳದ ಬ್ಲಾಕೇಜ್ ಕಾರಣವಾಗಿರುವುದಿಲ್ಲ. ಸೋಂಕಿನಿಂದ ರೋಗಿ ಪಾರಾದರೆ ಹೃದಯವೂ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ. ಆದರೆ ಪಾರಾಗುವುದು ಸುಲಭದ ಮಾತಲ್ಲ. ಅದಕ್ಕೇ ಮನೆಯಿಂದ ಹಿಡಿದು ಡಿಸ್ಚಾರ್ಜ್ ಆದ ನಂತರದವರೆಗೆ ಏನೇನು ಮಾಡಬೇಕು ಎಂದು ಹಂತ ಹಂತವಾಗಿ ಬರೆದಿದ್ದೇನೆ.

ಸೆಪ್ಸಿಸ್ ಎಂದರೇನು ಎಂಬುದನ್ನು ಮೊದಲು ತಿಳಿದುಕೊಳ್ಳಿ. ಮೈಯಲ್ಲಿ ಎಲ್ಲೋ ಒಂದು ಕಡೆ ಸೋಂಕು ಇರುತ್ತದೆ. ನ್ಯುಮೋನಿಯಾ ಇರಬಹುದು, ಮೂತ್ರದ ಸೋಂಕು ಇರಬಹುದು, ಶುಗರ್ ಇರುವವರ ಕಾಲಿನ ಗಾಯ ಇರಬಹುದು. ಆ ಸೋಂಕಿನ ವಿರುದ್ಧ ದೇಹ ಹದ ತಪ್ಪಿ ಹೋರಾಡತೊಡಗುತ್ತದೆ. ಆ ಹೋರಾಟದಲ್ಲಿ ತನ್ನದೇ ಕಿಡ್ನಿ, ಶ್ವಾಸಕೋಶ, ಮಿದುಳು, ಹೃದಯಕ್ಕೆ ಪೆಟ್ಟು ಕೊಡುತ್ತದೆ. ಇದೇ ಸೆಪ್ಸಿಸ್. ಸಾಕಷ್ಟು ಸಲೈನ್ ಕೊಟ್ಟರೂ ಬೀಪಿ ನಿಲ್ಲದೆ, ಬೀಪಿ ಏರಿಸುವ ಔಷಧಿ ಹಚ್ಚಲೇಬೇಕಾಗಿ ಬಂದು, ರಕ್ತದಲ್ಲಿ ಲ್ಯಾಕ್ಟೇಟ್ ಲೀಟರಿಗೆ 2 ಮಿಲಿಮೋಲ್‌ಗಿಂತ ಮೇಲಿದ್ದರೆ ಅದನ್ನು ಸೆಪ್ಟಿಕ್ ಶಾಕ್ ಎನ್ನುತ್ತಾರೆ. ಲ್ಯಾಕ್ಟೇಟ್ ಏರಿದೆ ಎಂದರೆ ದೇಹದ ಜೀವಕೋಶಗಳು ಸಂಕಟದಲ್ಲಿವೆ ಎಂದು ಅರ್ಥ. 2017ರಲ್ಲಿ ಜಗತ್ತಿನಲ್ಲಿ ಸುಮಾರು 4.9 ಕೋಟಿ ಜನರಿಗೆ ಸೆಪ್ಸಿಸ್ ಆಗಿ, 1.1 ಕೋಟಿ ಜನ ತೀರಿಕೊಂಡರು ಎಂಬ ಅಂದಾಜಿದೆ.

ಹಂತ 1: ಮನೆಯಲ್ಲೇ ಗುರುತು ಹಿಡಿಯಿರಿ

ಥರ್ಮಾಮೀಟರ್ ಒಂದನ್ನೇ ನಂಬಿ ಕೂರಬೇಡಿ. ವಯಸ್ಸಾದವರಿಗೆ ಸೆಪ್ಸಿಸ್ ಆದರೂ ಜ್ವರ ಬಾರದೇ ಇರಬಹುದು, ಮೈ ತಣ್ಣಗೇ ಆಗಬಹುದು. ಅದಕ್ಕಿಂತ ಉಸಿರು ಎಣಿಸಿ. ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ನೋಡಿ. ದೊಡ್ಡವರಲ್ಲಿ ಅದು 22 ಅಥವಾ ಹೆಚ್ಚಾಗಿದ್ದರೆ ಎಚ್ಚರವಾಗಿ. ಮೇಲಿನ ಬೀಪಿ 100 ಅಥವಾ ಅದಕ್ಕಿಂತ ಕೆಳಗಿದ್ದರೆ ಎಚ್ಚರವಾಗಿ. ಮಾತು ತಡವರಿಸಿದರೆ, ಮನೆಯವರ ಗುರುತು ಸಿಗದಿದ್ದರೆ, ಮಂಪರು ಹಿಡಿದರೆ ಎಚ್ಚರವಾಗಿ. ಈ ಮೂರರಲ್ಲಿ ಎರಡು ಇದ್ದರೂ ಬೆಳಗಾಗಲಿ ಎಂದು ಕಾಯುವ ಹೊತ್ತಲ್ಲ. ಸೋಂಕು ಇದ್ದು ಒಂದೇ ಲಕ್ಷಣ ಕಂಡರೂ ಅವತ್ತೇ ವೈದ್ಯರಿಗೆ ತೋರಿಸಿ.

ಇನ್ನೆರಡು ಗುರುತುಗಳನ್ನು ಬರಿಗಣ್ಣಿನಿಂದಲೇ ನೋಡಬಹುದು. ಬೆರಳ ತುದಿಯನ್ನು ಐದು ಸೆಕೆಂಡ್ ಒತ್ತಿ ಬಿಡಿ. ಬಿಳಿಚಿದ ಉಗುರಿನಡಿ ಕೆಂಪು ಮರಳಲು ಮೂರು ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ರಕ್ತದ ಓಟ ಕುಗ್ಗಿದೆ. ಆಮೇಲೆ ಮಂಡಿಯ ಚಿಪ್ಪಿನ ಸುತ್ತ ನೋಡಿ. ಅಲ್ಲಿ ನೇರಳೆ ಬಣ್ಣದ ಬಲೆಯಂತಹ ಕಲೆ ಮೂಡಿದ್ದರೆ ಅದು ಕೆಟ್ಟ ಸೂಚನೆ. ಕಪ್ಪು ಮೈಬಣ್ಣದವರಲ್ಲಿ ಈ ಕಲೆ ಸರಿಯಾಗಿ ಕಾಣುವುದಿಲ್ಲ, ಅಂಥವರಲ್ಲಿ ತುಟಿ, ನಾಲಿಗೆ, ಅಂಗೈ ಬಿಳಿಚಿದೆಯೇ, ನೀಲಿಗಟ್ಟಿದೆಯೇ ನೋಡಿ. ಬೆಳಗಿನಿಂದ ಮೂತ್ರಕ್ಕೇ ಹೋಗಿಲ್ಲ ಎಂಬುದೂ ದೊಡ್ಡ ಸುಳಿವು.

ಎಡವುವುದು ಎಲ್ಲಿ? ಊರಲ್ಲೇ ಎರಡು ದಿನ ಸಲೈನ್ ಹಚ್ಚಿಸಿ, ಇಂಜೆಕ್ಷನ್ ಮಾಡಿಸಿ, ‘ಜ್ವರ ಇಳೀತು’ ಎಂದು ಸಮಾಧಾನ ಮಾಡಿಕೊಳ್ಳುವುದರಲ್ಲಿ. ಸ್ಟೆರಾಯ್ಡ್ ಇಂಜೆಕ್ಷನ್ ಕೊಟ್ಟರೆ ಸೋಂಕು ಇದ್ದಂತೆಯೇ ಇದ್ದು ಜ್ವರ ಮಾತ್ರ ಮರೆಯಾಗಬಹುದು. ಬೀಪಿ ಬಿದ್ದು ಮೈ ಒಣಗಿದವರಿಗೆ ನೋವಿನ ಇಂಜೆಕ್ಷನ್ ಕೊಟ್ಟರೆ ಕಿಡ್ನಿಗೆ ಪೆಟ್ಟು ಬೀಳಬಹುದು. ಏಪ್ರಿಲ್, ಮೇ ತಿಂಗಳಲ್ಲಿ ಇನ್ನೊಂದು ಗೊಂದಲ ಇದೆ. ನಮ್ಮ ಕಡೆಯ ಬಿಸಿಲಿಗೆ ‘ಝಳ ಬಡಿದಿದೆ’ ಎಂದು ಮಜ್ಜಿಗೆ ಕುಡಿಸಿ ಮಲಗಿಸುತ್ತಾರೆ. ಝಳ ಬಡಿದವರಿಗೂ ಮಂಪರು ಬಂದಿದ್ದರೆ ದವಾಖಾನೆಯೇ ಗತಿ. ಆದ್ದರಿಂದ ಬಿಸಿಲೋ ಸೋಂಕೋ ಎಂದು ಮನೆಯಲ್ಲಿ ಕೂತು ತೀರ್ಮಾನಿಸಬೇಡಿ.

ಬಾಣಂತಿಯರು, ಗರ್ಭಿಣಿಯರು, ಚಿಕ್ಕ ಮಕ್ಕಳಿಗೆ ಮೇಲಿನ ಅಂಕಿಗಳು ಹೊಂದುವುದಿಲ್ಲ. ಅವರನ್ನು ಅನುಮಾನ ಬಂದ ಕೂಡಲೇ ಕರೆದೊಯ್ಯಿರಿ.

ಹಂತ 2: ಮೊದಲು ಹತ್ತಿರದ ದವಾಖಾನೆ, ಆಮೇಲೆ ದೊಡ್ಡದು

108ಕ್ಕೆ ಫೋನ್ ಮಾಡಿ. ಆಕ್ಸಿಜನ್, ಸಲೈನ್, ನರಕ್ಕೆ ಕೊಡುವ ಆಂಟಿಬಯೋಟಿಕ್ ಇರುವ ಹತ್ತಿರದ ಜಾಗಕ್ಕೆ ಮೊದಲು ತಲುಪಿ. ಚಿಂಚೋಳಿಯಿಂದಲೋ ಸುರಪುರದಿಂದಲೋ ಸೀದಾ ದೊಡ್ಡ ಊರಿಗೇ ಹೋಗೋಣ ಎಂದು ಹೊರಟರೆ ಆ ಎರಡು ಮೂರು ಗಂಟೆ ಚಿಕಿತ್ಸೆ ಇಲ್ಲದೇ ಕಳೆದುಹೋಗುತ್ತದೆ. ಸೆಪ್ಟಿಕ್ ಶಾಕ್ ಇರುವವರಿಗೆ ಗುರುತು ಸಿಕ್ಕ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಬೀಳಬೇಕು ಎಂಬುದು ಇವತ್ತಿನ ನಿಯಮ. ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲ ಡೋಸ್ ಹಾಕಿಸಿಕೊಂಡು, ಅಲ್ಲಿಂದ ರೆಫರ್ ಚೀಟಿ ಪಡೆದು ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್ ಅಥವಾ ಯಾದಗಿರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗುವುದು ಒಳ್ಳೆಯ ದಾರಿ.

ಹೊರಡುವಾಗ ಒಂದು ಚೀಲದಲ್ಲಿ ಇವಿಷ್ಟು ಇರಲಿ: ದಿನಾ ನುಂಗುವ ಗುಳಿಗೆಗಳ ಸ್ಟ್ರಿಪ್, ಹಳೆಯ ಇಸಿಜಿ ಮತ್ತು ಎಕೋ (ಹೃದಯದ ಸ್ಕ್ಯಾನಿಂಗ್) ರಿಪೋರ್ಟ್, ಆಧಾರ್, ರೇಷನ್ ಕಾರ್ಡ್. ಹಳೆಯ ಎಕೋ ರಿಪೋರ್ಟನ್ನು ಹುಡುಕಿಯಾದರೂ ತನ್ನಿ. ‘ಹೃದಯ ಮೊದಲು ಸರಿ ಇತ್ತೇ?’ ಎಂಬ ಪ್ರಶ್ನೆಗೆ ಅದೊಂದೇ ಗಟ್ಟಿ ಸಾಕ್ಷಿ. ಬೀಪಿ, ಶುಗರ್ ಗುಳಿಗೆ ಕೊನೆಗೆ ಯಾವಾಗ ತೆಗೆದುಕೊಂಡರು, ಊರಲ್ಲಿ ಯಾವ ಇಂಜೆಕ್ಷನ್ ಆಯಿತು, ಯಾವ ಔಷಧಿ ಆಗಿಬರುವುದಿಲ್ಲ ಎಂಬುದನ್ನು ಮುಚ್ಚಿಡದೆ ಹೇಳಿ. ಕುಡಿಯುವ ಅಭ್ಯಾಸ ಇದ್ದರೂ ಹೇಳಿ, ಏಕೆಂದರೆ ಅದೂ ಹೃದಯದ ಸ್ನಾಯುವಿಗೆ ಸಂಬಂಧಪಟ್ಟದ್ದು.

ಹಂತ 3: ಮೊದಲ ಕೆಲವು ಗಂಟೆ ಒಳಗೆ ಏನು ನಡೆಯುತ್ತದೆ

ರಕ್ತ ತೆಗೆದು ಕಲ್ಚರ್‌ಗೆ ಕಳಿಸುತ್ತಾರೆ. ಯಾವ ರೋಗಾಣು, ಅದಕ್ಕೆ ಯಾವ ಔಷಧಿ ಎಂದು ತಿಳಿಯುವ ಪರೀಕ್ಷೆ ಇದು. ವರದಿ ಬರಲು ಎರಡು ಮೂರು ದಿನ ಬೇಕು. ಅಲ್ಲಿಯವರೆಗೆ ಅಂದಾಜಿನ ಮೇಲೆ ಆಂಟಿಬಯೋಟಿಕ್ ನಡೆಯುತ್ತದೆ. ಮೂರನೇ ದಿನ ಔಷಧಿ ಬದಲಿಸಿದರೆ ‘ಮೊದಲಿಂದು ತಪ್ಪಿತ್ತು’ ಎಂದು ಸಿಟ್ಟಾಗಬೇಡಿ.

ಸಲೈನ್ ಸಾಮಾನ್ಯವಾಗಿ ಮೊದಲ ಮೂರು ಗಂಟೆಯಲ್ಲಿ ಕೆಜಿ ತೂಕಕ್ಕೆ 30 ಮಿ.ಲೀ. ಲೆಕ್ಕದಲ್ಲಿ ಶುರುವಾಗುತ್ತದೆ. 60 ಕೆಜಿಯವರಿಗೆ 1,800 ಮಿ.ಲೀ., ಅಂದರೆ ಅರ್ಧ ಲೀಟರಿನ ಮೂರೂವರೆ ಬಾಟಲಿಗಿಂತ ಸ್ವಲ್ಪ ಜಾಸ್ತಿ. ಹೃದಯ ಸೋತಿದೆ ಎಂದು ಕಂಡುಬಂದ ಮೇಲೆ ವೈದ್ಯರು ಅಳೆದು ಅಳೆದು ಕೊಡುತ್ತಾರೆ, ಇಲ್ಲದಿದ್ದರೆ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ‘ಇನ್ನೊಂದು ಬಾಟಲಿ ಹಚ್ಚ್ರಿ ಸಾಹೇಬ್ರ’ ಎಂದು ಒತ್ತಾಯ ಮಾಡುವವರು ಇದನ್ನು ನೆನಪಿಡಬೇಕು.

ಕೀವು ಕಟ್ಟಿದ್ದರೆ ತೆಗೆಯಬೇಕು, ಕೊಳೆತ ಬೆರಳಿದ್ದರೆ ಕತ್ತರಿಸಬೇಕು, ಮೂತ್ರನಾಳದಲ್ಲಿ ಕಲ್ಲು ಸಿಕ್ಕಿ ಮೇಲೆ ಸೋಂಕು ನಿಂತಿದ್ದರೆ ದಾರಿ ಬಿಡಿಸಬೇಕು. ಸೋಂಕಿನ ಮೂಲ ಒಳಗೇ ಉಳಿದರೆ ಎಷ್ಟೇ ದುಬಾರಿ ಔಷಧಿ ಹಾಕಿದರೂ ಹೃದಯ ಏಳುವುದಿಲ್ಲ. ‘ಇಷ್ಟು ಸೀರಿಯಸ್ ಇದ್ದಾಗ ಆಪರೇಷನ್ ಬ್ಯಾಡ’ ಎಂದು ಸಹಿ ಹಾಕಲು ಹಿಂದೇಟು ಹಾಕುವ ಕುಟುಂಬಗಳು ಬಹಳ. ಸೀರಿಯಸ್ ಇರುವುದಕ್ಕೇ ಆ ಆಪರೇಷನ್ ಬೇಕಾಗಿರುತ್ತದೆ ಎಂದು ಕಳಕಳಿಯಿಂದ ಹೇಳುತ್ತೇನೆ.

ಹಂತ 4: ‘ಪಂಪಿಂಗ್ ಕಡಿಮೆ’ ಎಂಬ ಮಾತನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಿ

ಇಲ್ಲೇ ಎಲ್ಲರೂ ಹೆದರುವುದು, ಇಲ್ಲೇ ತಪ್ಪು ತೀರ್ಮಾನಗಳು ಆಗುವುದು. ನಿಧಾನವಾಗಿ ಓದಿ.

ಸೋಂಕಿನ ವಿರುದ್ಧ ಹೋರಾಡುವಾಗ ದೇಹ ಕೆಲವು ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತದೆ. ಅವು ಹೃದಯದ ಸ್ನಾಯುವಿನ ಶಕ್ತಿ ಕುಗ್ಗಿಸುತ್ತವೆ. ಸ್ನಾಯುವಿನೊಳಗೆ ಶಕ್ತಿ ತಯಾರಿಸುವ ಪುಟ್ಟ ಭಾಗಗಳು ಮಂಕಾಗುತ್ತವೆ, ಕ್ಯಾಲ್ಸಿಯಂ ಸರಿಯಾಗಿ ಕೆಲಸ ಮಾಡುವುದಿಲ್ಲ. ಹೃದಯಕ್ಕೆ ರಕ್ತ ಒಯ್ಯುವ ನಾಳಗಳು ಮಾತ್ರ ಸಾಮಾನ್ಯವಾಗಿ ತೆರೆದೇ ಇರುತ್ತವೆ. ಹೊಲದ ಬೋರ್‌ವೆಲ್ಲಿನ ಮೋಟರ್ ನೆನಪಿಸಿಕೊಳ್ಳಿ. ವೋಲ್ಟೇಜ್ ಬಿದ್ದಾಗ ಮೋಟರ್ ಗುಂಯ್ ಎನ್ನುತ್ತದೆ, ನೀರು ಎತ್ತುವುದಿಲ್ಲ. ಮೋಟರ್ ಸುಟ್ಟಿಲ್ಲ, ವೋಲ್ಟೇಜ್ ಬಂದರೆ ಮತ್ತೆ ಎತ್ತುತ್ತದೆ. ಸೆಪ್ಸಿಸ್‌ನಲ್ಲಿ ಹೃದಯದ ಸ್ನಾಯು ಬಹುಮಟ್ಟಿಗೆ ಈ ಸ್ಥಿತಿಯಲ್ಲಿರುತ್ತದೆ.

ಇದು ಬರೀ ಸಮಾಧಾನಕ್ಕೆ ಹೇಳುವ ಮಾತಲ್ಲ. 1984ರಲ್ಲಿ ಅಮೆರಿಕದ ವೈದ್ಯೆ ಮಾರ್ಗರೆಟ್ ಪಾರ್ಕರ್ ಮತ್ತು ಸಂಗಡಿಗರು ಸೆಪ್ಟಿಕ್ ಶಾಕ್ ಆದ 20 ರೋಗಿಗಳ ಹೃದಯವನ್ನು ದಿನದಿನಕ್ಕೂ ಅಳೆದು ನೋಡಿದರು. ಬದುಕುಳಿದವರಲ್ಲಿ ಪಂಪಿಂಗ್ ಮೊದಲು ಬಹಳ ಕುಸಿದು, 7ರಿಂದ 10 ದಿನದಲ್ಲಿ ಮತ್ತೆ ಮೊದಲಿನಂತಾಗಿತ್ತು. ಸೆಪ್ಸಿಸ್‌ನಲ್ಲಿ ಹೃದಯ ಸೋತರೂ ಮರಳಬಲ್ಲದು ಎಂಬ ತಿಳಿವಳಿಕೆ ಅಲ್ಲಿಂದ ಗಟ್ಟಿಯಾಯಿತು.

ಈಗ ಮೂರು ಪರೀಕ್ಷೆಗಳ ಮಾತು.

ಎಕೋ ಎಂದರೆ ಹೃದಯದ ಸ್ಕ್ಯಾನಿಂಗ್. ಅದರಲ್ಲಿ ‘ಇಎಫ್’ ಎಂದು ಒಂದು ಅಂಕಿ ಇರುತ್ತದೆ. ಹೃದಯದ ಎಡ ಕೋಣೆಯಲ್ಲಿ ತುಂಬಿಕೊಂಡ ರಕ್ತದಲ್ಲಿ ಶೇಕಡಾ ಎಷ್ಟು ಭಾಗ ಒಂದು ಬಡಿತಕ್ಕೆ ಹೊರ ಹೋಗುತ್ತದೆ ಎಂಬ ಲೆಕ್ಕ ಅದು. ಆರೋಗ್ಯವಂತರಲ್ಲೂ ಅದು 55ರಿಂದ 70ರ ಆಸುಪಾಸು, 100 ಯಾರಿಗೂ ಇರುವುದಿಲ್ಲ. ಆದ್ದರಿಂದ ಇಎಫ್ 40 ಎಂದರೆ ‘ಹಾರ್ಟ್ 60 ಪರ್ಸೆಂಟ್ ಹೋಗಿದೆ’ ಎಂದಲ್ಲ. ಈ ತಪ್ಪು ಲೆಕ್ಕದಿಂದ ಆಸೆ ಬಿಟ್ಟು ರೋಗಿಯನ್ನು ಮನೆಗೆ ಒಯ್ಯುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ.

ಇನ್ನೊಂದು ಸೂಕ್ಷ್ಮ ಇದೆ. ಸೆಪ್ಸಿಸ್‌ನಲ್ಲಿ ಮೈಯ ರಕ್ತನಾಳಗಳು ಸಡಿಲವಾಗಿರುತ್ತವೆ. ಹೃದಯಕ್ಕೆ ಎದುರೊತ್ತಡ ಇಲ್ಲದ್ದರಿಂದ ಸೋತ ಹೃದಯವೂ ಸುಲಭವಾಗಿ ರಕ್ತ ನೂಕಿಬಿಡುತ್ತದೆ, ಮೊದಲ ದಿನದ ಎಕೋ ಚೆನ್ನಾಗೇ ಕಾಣಬಹುದು. ಬೀಪಿ ಏರಿಸುವ ಔಷಧಿಯಿಂದ ನಾಳಗಳು ಬಿಗಿಯಾದ ಮೇಲೆ ನಿಜವಾದ ಶಕ್ತಿ ಗೊತ್ತಾಗುತ್ತದೆ, ಇಎಫ್ ಇಳಿದಂತೆ ಕಾಣುತ್ತದೆ. ‘ನಿನ್ನೆ 60 ಇತ್ತು, ಇವತ್ತು 35 ಆಗಿದೆ, ಇವರೇ ಏನೋ ಮಾಡಿದ್ದಾರೆ’ ಎಂಬ ಜಗಳಕ್ಕೆ ಎಷ್ಟೋ ಸಲ ಕಾರಣ ಇದೇ.

ಟ್ರೋಪೋನಿನ್ ಎಂಬುದು ಹೃದಯದ ಸ್ನಾಯುವಿನಲ್ಲಿರುವ ಪ್ರೋಟೀನ್. ಸ್ನಾಯುವಿಗೆ ಪೆಟ್ಟು ಬಿದ್ದಾಗ ಅದು ರಕ್ತಕ್ಕೆ ಸೋರುತ್ತದೆ. ಹಾರ್ಟ್ ಅಟ್ಯಾಕ್‌ನಲ್ಲೂ ಏರುತ್ತದೆ, ಸೆಪ್ಸಿಸ್‌ನಲ್ಲೂ ಏರುತ್ತದೆ, ಕಿಡ್ನಿ ಕೈಕೊಟ್ಟಾಗಲೂ ಏರಬಹುದು. ‘ಟ್ರೋಪೋನಿನ್ ಪಾಸಿಟಿವ್’ ಎಂಬ ಒಂದು ಸಾಲು ನೋಡಿ ಸ್ಟೆಂಟ್ ಬೇಕು ಎನ್ನಲಾಗದು.

ಇಸಿಜಿ ಮತ್ತು ಎಕೋ ಎರಡನ್ನೂ ಕೂಡಿಸಿ ವೈದ್ಯರು ಬೇರ್ಪಡಿಸುತ್ತಾರೆ. ಸೆಪ್ಸಿಸ್‌ನಲ್ಲಿ ಸಾಮಾನ್ಯವಾಗಿ ಇಡೀ ಹೃದಯವೇ ಮಂಕಾಗಿ ಬಡಿಯುತ್ತದೆ, ಬಲಭಾಗವೂ ಸೋಲಬಹುದು. ಬ್ಲಾಕೇಜ್ ಇದ್ದರೆ ಆ ನಾಳ ರಕ್ತ ಕೊಡುವ ಗೋಡೆ ಮಾತ್ರ ಕುಂಟುವುದು ಹೆಚ್ಚು, ಇಸಿಜಿಯಲ್ಲಿ ಅದಕ್ಕೆ ತಕ್ಕ ಬದಲಾವಣೆ ಇರುತ್ತದೆ. ಹಾಗೆಂದು ಸೆಪ್ಸಿಸ್ ಇದ್ದವರಿಗೆ ಹಾರ್ಟ್ ಅಟ್ಯಾಕ್ ಆಗುವುದೇ ಇಲ್ಲ ಅಂತೇನಿಲ್ಲ. ಶುಗರ್, ಬೀಪಿ, ಬೀಡಿ ಸಿಗರೇಟು ಇರುವವರಿಗೆ ಎರಡೂ ಒಟ್ಟಿಗೆ ಬರಬಹುದು. ಆಂಜಿಯೋಗ್ರಾಂ (ಹೃದಯದ ರಕ್ತನಾಳಗಳಿಗೆ ಡೈ ಬಿಟ್ಟು ಬ್ಲಾಕೇಜ್ ನೋಡುವ ಪರೀಕ್ಷೆ) ಬೇಕೇ ಬೇಡವೇ ಎಂಬುದನ್ನು ಹೃದ್ರೋಗ ತಜ್ಞರು ಮತ್ತು ಐಸಿಯು ವೈದ್ಯರು ಕೂಡಿ ಹೇಳಲಿ. ಅದರಲ್ಲಿ ಬಳಸುವ ಡೈ ಮೊದಲೇ ಬಳಲಿದ ಕಿಡ್ನಿಗೆ ಹೊರೆ ಆಗಬಹುದು, ಅದಕ್ಕೇ ತುರ್ತು ಇಲ್ಲದಿದ್ದರೆ ಮುಂದೂಡುತ್ತಾರೆ.

ಹಂತ 5: ಐಸಿಯು ಬೆಡ್ ಪಕ್ಕ ಏನು ನೋಡಬೇಕು, ಏನು ಕೇಳಬೇಕು

ಒಳಗೆ ಬಿಡುವ ಐದು ನಿಮಿಷ ಅಳುವುದರಲ್ಲೇ ಕಳೆದುಹೋಗುತ್ತದೆ, ಅಲ್ವಾ? ಮನೆಯಲ್ಲಿ ಸ್ವಲ್ಪ ಗಟ್ಟಿ ಇರುವ ಒಬ್ಬರೇ ದಿನಾ ಹೋಗಲಿ, ಒಂದು ನೋಟ್‌ಬುಕ್ ಹಿಡಿದುಕೊಂಡು.

ಮಾನಿಟರಿನಲ್ಲಿ ಬೀಪಿಯ ಪಕ್ಕ ಬ್ರಾಕೆಟ್‌ನಲ್ಲಿ ಒಂದು ಅಂಕಿ ಇರುತ್ತದೆ. ಅದು ಸರಾಸರಿ ಬೀಪಿ. ಅದನ್ನು 65ಕ್ಕಿಂತ ಕೆಳಗೆ ಇಳಿಯಲು ಬಿಡದಿರುವುದು ಸಾಮಾನ್ಯ ಗುರಿ. ಮಂಚದ ಪಕ್ಕದ ಕಂಬಕ್ಕೆ ಸಿಕ್ಕಿಸಿದ ಪಂಪಿನಲ್ಲಿ ದಪ್ಪ ಸಿರಿಂಜ್ ಮಲಗಿರುತ್ತದೆ, ಮೇಲೆ ಬಿಳಿ ಪಟ್ಟಿಯಲ್ಲಿ ಪೆನ್ನಿನಿಂದ ‘ನಾರ್‌ಅಡ್ರಿನಲಿನ್’ ಎಂದು ಬರೆದಿರುತ್ತಾರೆ. ಸಡಿಲಾದ ರಕ್ತನಾಳಗಳನ್ನು ಬಿಗಿ ಮಾಡಿ ಬೀಪಿ ಹಿಡಿದು ನಿಲ್ಲಿಸುವ ಮೊದಲ ಔಷಧಿ ಅದು. ಬೀಪಿ ನಿಂತರೂ ಹೃದಯ ಸೋತು ರಕ್ತದ ಓಟ ಸಾಲದಿದ್ದರೆ ‘ಡೊಬುಟಮಿನ್’ ಸೇರಿಸಬಹುದು, ಅದು ಹೃದಯದ ಬಡಿತಕ್ಕೆ ಬಲ ಕೊಡುತ್ತದೆ. ‘ಸಪೋರ್ಟ್ ಮೇಲೆ ಇದ್ದಾರೆ’ ಎಂದು ಹೇಳುವುದು ಸಾಮಾನ್ಯವಾಗಿ ಈ ಔಷಧಿಗಳ ಬಗ್ಗೆಯೇ. ಪಂಪಿನ ಮೇಲೆ ಗಂಟೆಗೆ ಎಷ್ಟು ಮಿ.ಲೀ. ಎಂಬ ಅಂಕಿ ಮಿನುಗುತ್ತಿರುತ್ತದೆ. ಔಷಧಿ ಬೆರೆಸುವ ಹದ ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ, ಹಾಗಾಗಿ ಪಕ್ಕದ ರೋಗಿಯ ಅಂಕಿಯ ಜೊತೆ ಹೋಲಿಸಬೇಡಿ. ನಿಮ್ಮವರದು ನಿನ್ನೆಗಿಂತ ಇವತ್ತು ಇಳಿದಿದೆಯೇ ಎಂದು ಸಿಸ್ಟರ್‌ಗೆ ಕೇಳಿ. ಇಳಿಯುತ್ತಿದ್ದರೆ ಒಳ್ಳೆಯ ಲಕ್ಷಣ.

ಮಂಚದ ಕೆಳಗೆ ತೂಗುವ ಮೂತ್ರದ ಚೀಲವನ್ನೂ ನೋಡಿ. 60 ಕೆಜಿಯವರಿಗೆ ಗಂಟೆಗೆ ಕನಿಷ್ಠ 30 ಮಿ.ಲೀ. ಬರುತ್ತಿದ್ದರೆ ಕಿಡ್ನಿಗೆ ರಕ್ತ ತಲುಪುತ್ತಿದೆ ಎಂದು ಸಾಮಾನ್ಯವಾಗಿ ತಿಳಿಯಬಹುದು.

ವೈದ್ಯರಿಗೆ ಕೇಳಬೇಕಾದವು: ಸೋಂಕು ಎಲ್ಲಿಂದ ಶುರುವಾಗಿದೆ, ಅದರ ಮೂಲ ತೆಗೆದಾಯಿತೇ? ಲ್ಯಾಕ್ಟೇಟ್ ಇಳಿಯುತ್ತಿದೆಯೇ? ಎಕೋದಲ್ಲಿ ಇಡೀ ಹೃದಯ ಸೋತಿದೆಯೋ ಒಂದೇ ಭಾಗವೋ? ಮುಂದಿನ ಎಕೋ ಯಾವಾಗ? ಬಡಿತ ಲಯ ತಪ್ಪಿದೆಯೇ? ಸೆಪ್ಸಿಸ್‌ನಲ್ಲಿ ಹೃದಯ ಅಡ್ಡಾದಿಡ್ಡಿ ಬಡಿಯುವುದು ಸಾಮಾನ್ಯ, ಅದಕ್ಕೆ ಬೇರೆ ಚಿಕಿತ್ಸೆ ಇದೆ.

ಹೃದಯಕ್ಕೆಂದು ಹೊರಗಿನಿಂದ ಯಾವ ಗುಳಿಗೆಯನ್ನೂ, ಕಷಾಯವನ್ನೂ ತಂದು ಕೊಡಬೇಡಿ. ಮನೆಯಲ್ಲಿ ದಿನಾ ನುಂಗುತ್ತಿದ್ದ ಬೀಪಿ ಗುಳಿಗೆಯನ್ನು ವಾರ್ಡಿನಲ್ಲಿ ಗುಟ್ಟಾಗಿ ಕೊಟ್ಟರೆ, ಕಷ್ಟಪಟ್ಟು ನಿಲ್ಲಿಸಿದ ಬೀಪಿ ಮತ್ತೆ ಕುಸಿಯುತ್ತದೆ.

ಹಂತ 6: ಬೇರೆ ಊರಿಗೆ ಒಯ್ಯುವ ಮೊದಲು

ಹಾರ್ಟ್ ಎಂದ ಕೂಡಲೇ ನೆನಪಾಗುವುದು ಜಯದೇವ ಹೃದ್ರೋಗ ಸಂಸ್ಥೆ. ಕಲಬುರಗಿಯಲ್ಲೇ ಅದರ ಆಸ್ಪತ್ರೆ ಇರುವುದು ಈ ಭಾಗದ ಭಾಗ್ಯ. ಬ್ಲಾಕೇಜ್ ಅನುಮಾನ ಇದ್ದರೆ ಅಲ್ಲಿಯ ತಜ್ಞರ ಅಭಿಪ್ರಾಯ ಬೇಕೇ ಬೇಕು. ಆದರೆ ಸೆಪ್ಸಿಸ್ ರೋಗಿಗೆ ಸೋತಿರುವುದು ಹೃದಯ ಒಂದೇ ಅಲ್ಲ. ಡಯಾಲಿಸಿಸ್, ವೆಂಟಿಲೇಟರ್, ಕೀವು ತೆಗೆಯಲು ಸರ್ಜನ್, ಇವೆಲ್ಲ ಒಂದೇ ಕಡೆ ಸಿಗುವ ಐಸಿಯು ಅವರಿಗೆ ಬೇಕು. ಈಗಿರುವ ಕಡೆ ಇವು ಇದ್ದರೆ ಅಲ್ಲೇ ಇರುವುದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಕಲಬುರಗಿಯಿಂದ ಸೊಲ್ಲಾಪುರ ಸುಮಾರು 110 ಕಿ.ಮೀ., ಹೈದರಾಬಾದ್ ಸುಮಾರು 220 ಕಿ.ಮೀ. ಸಪೋರ್ಟ್ ಮೇಲೆ ಇರುವ ರೋಗಿಗೆ ಅದು ದೂರದ ದಾರಿ. ಸಿರಿಂಜ್ ಪಂಪ್ ಕೆಲವು ನಿಮಿಷ ನಿಂತರೂ ಬೀಪಿ ಬಿದ್ದುಹೋಗಬಹುದು. ಒಯ್ಯಲೇಬೇಕಾದರೆ ಹೊರಡುವ ಮೊದಲು ಇಷ್ಟು ಖಾತ್ರಿ ಮಾಡಿಕೊಳ್ಳಿ: ಹೋಗುವ ಕಡೆ ಐಸಿಯು ಬೆಡ್ ಖಾಲಿ ಇದೆಯೇ, ಈ ವೈದ್ಯರು ಆ ವೈದ್ಯರ ಜೊತೆ ಫೋನಿನಲ್ಲಿ ಮಾತಾಡಿದ್ದಾರೆಯೇ, ಆಂಬುಲೆನ್ಸಿನಲ್ಲಿ ವೆಂಟಿಲೇಟರ್, ಚಾರ್ಜ್ ಇರುವ ಪಂಪ್, ದಾರಿಗೆ ಸಾಲುವಷ್ಟು ಆಕ್ಸಿಜನ್, ತುಂಬಿಟ್ಟ ಇನ್ನೊಂದು ಸಿರಿಂಜ್ ಮತ್ತು ಅದನ್ನು ಬದಲಿಸಬಲ್ಲ ಸಿಬ್ಬಂದಿ ಇದ್ದಾರೆಯೇ. ಇದರಲ್ಲಿ ಒಂದು ಇಲ್ಲದಿದ್ದರೂ ಹೊರಡಬೇಡಿ. ಕಲ್ಚರ್ ವರದಿ ಇನ್ನೂ ಬಂದಿರದಿದ್ದರೆ ಆ ಲ್ಯಾಬಿನ ಫೋನ್ ನಂಬರ್ ಬರೆದುಕೊಳ್ಳಿ.

ಖರ್ಚಿನ ವಿಷಯ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಸೇರಿಸಿದ ದಿನವೇ ಆಸ್ಪತ್ರೆಯ ‘ಆರೋಗ್ಯ ಮಿತ್ರ’ರನ್ನು (ಯೋಜನೆಯ ಕೆಲಸ ನೋಡಿಕೊಳ್ಳುವ ಸಿಬ್ಬಂದಿ) ಕಂಡು, ರೆಫರ್ ಚೀಟಿ ಬೇಕೇ, ಯಾವ ಕಾಗದ ಬೇಕು ಎಂದು ಕೇಳಿ. ಡಿಸ್ಚಾರ್ಜ್ ದಿನ ಕೇಳಿದರೆ ತಡವಾಗಿರುತ್ತದೆ. ಬೇರೆ ರಾಜ್ಯಕ್ಕೆ ಒಯ್ಯುವವರು ಆ ಆಸ್ಪತ್ರೆಯಲ್ಲಿ ನಿಮ್ಮ ಕಾರ್ಡ್ ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿ.

ಹಂತ 7: ಮನೆಗೆ ಬಂದ ಮೇಲೆ

ಡಿಸ್ಚಾರ್ಜ್ ಸಮ್ಮರಿಯಲ್ಲಿ ಸೆಪ್ಸಿಸ್ ಎಂದು, ಇಎಫ್ ಎಷ್ಟಿತ್ತು ಎಂದು, ಯಾವ ರೋಗಾಣು ಎಂದು ಬರೆದಿದೆಯೇ ನೋಡಿ. ಇಲ್ಲದಿದ್ದರೆ ಬರೆಸಿಕೊಳ್ಳಿ. ಮನೆಗೆ ಹೋಗುವ ಮೊದಲೇ ಇನ್ನೊಂದು ಎಕೋ ಆಗಿದ್ದರೆ ಒಳ್ಳೆಯದು. ಆಗಲೂ ಇಎಫ್ ಕಡಿಮೆ ಇದ್ದರೆ ಕೆಲವು ವಾರದ ನಂತರ ಮತ್ತೆ ಮಾಡಿಸಲೇಬೇಕು. ಸೋಂಕು ವಾಸಿಯಾದರೂ ಹೃದಯ ಏಳದಿದ್ದರೆ ಬೇರೆ ಕಾರಣ ಇರಬಹುದು: ಹಳೆಯ ಬ್ಲಾಕೇಜ್, ಕುಡಿತದಿಂದಾದ ಹಾನಿ, ಹೃದಯದ ಸ್ನಾಯುವಿನ ಉರಿಯೂತ. ಆಗ ಆಂಜಿಯೋಗ್ರಾಂ ಮಾಡಿಸುವ ಮಾತು ಬರುತ್ತದೆ.

ನಿಲ್ಲಿಸಿದ್ದ ಬೀಪಿ ಗುಳಿಗೆ ಯಾವಾಗ ಶುರು ಮಾಡಬೇಕು, ಹೊಸದಾಗಿ ಕೊಟ್ಟ ಹೃದಯದ ಗುಳಿಗೆ ಎಷ್ಟು ದಿನ ಎಂದು ಕೇಳಿ ಬರೆದುಕೊಳ್ಳಿ. ‘ಈಗ ಆರಾಮ ಇದ್ದೀನಿ’ ಎಂದು ತಾವಾಗೇ ಬಿಡಬಾರದು. ನೀರು ಎಷ್ಟು ಕುಡಿಯಬೇಕು ಎಂಬುದು ಒಬ್ಬೊಬ್ಬರಿಗೆ ಒಂದೊಂದು ಥರ, ಬೇಸಿಗೆಯಲ್ಲಂತೂ ಕೇಳಿಯೇ ತೀರ್ಮಾನಿಸಿ. ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ.

ಸುಸ್ತು, ನಿದ್ದೆ ಬಾರದಿರುವುದು, ಮರೆವು, ಕೂದಲು ಉದುರುವುದು, ಸುಮ್ನೆ ಅಳು ಬರುವುದು, ಇವು ಸೆಪ್ಸಿಸ್ ಗೆದ್ದವರಲ್ಲಿ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಇರುತ್ತವೆ. ಅದನ್ನು ಸೋಮಾರಿತನ ಎಂದು ಮನೆಯವರು ಆಡಿಕೊಳ್ಳಬಾರದು. ತೊಗರಿ ರಾಶಿ ಬಂತು ಎಂದು ಹೊಲಕ್ಕೆ ಕಳಿಸುವ ಅವಸರ ಬೇಡ. ಮೊದಲು ಅಂಗಳದಲ್ಲಿ ನಡೆಯಲಿ, ಆಮೇಲೆ ಓಣಿಯ ತುದಿವರೆಗೆ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಬೇಕೇ ಎಂದು ವೈದ್ಯರನ್ನು ಕೇಳಿ. ಶುಗರ್ ಇರುವವರ ಪಾದವನ್ನು ದಿನಾ ರಾತ್ರಿ ಬೆಳಕಿನಲ್ಲಿ ಯಾರಾದರೂ ತಿರುಗಿಸಿ ನೋಡಬೇಕು, ಬೆರಳ ಸಂದಿಯನ್ನೂ ಬಿಡದೆ.

ಒಮ್ಮೆ ಸೆಪ್ಸಿಸ್ ಆದವರಿಗೆ ಮತ್ತೆ ಸೋಂಕು ತಗಲುವ ಅಪಾಯ, ಮುಂದಿನ ದಿನಗಳಲ್ಲಿ ಹೃದಯದ ತೊಂದರೆ ಬರುವ ಅಪಾಯ ಎರಡೂ ಉಳಿದವರಿಗಿಂತ ಜಾಸ್ತಿ. ಮಲಗಿದರೆ ಉಸಿರು ಕಟ್ಟಿ ಎದ್ದು ಕೂರಬೇಕಾಗುವುದು, ಕಾಲು ಊದುವುದು, ಎರಡು ಮೂರು ದಿನದಲ್ಲಿ ತೂಕ ಎರಡು ಕೆಜಿ ಏರುವುದು, ಇವು ಹೃದಯ ಸೋಲುತ್ತಿರುವ ಗುರುತು, ಅವತ್ತೇ ತೋರಿಸಿ. ಚಳಿ ಬಂದು ನಡುಕ, ಉಸಿರಾಟ ಜೋರು, ಮಾತು ತಪ್ಪುವುದು ಕಂಡರೆ ಡಿಸ್ಚಾರ್ಜ್ ಸಮ್ಮರಿ ಹಿಡಿದು ತುರ್ತು ವಿಭಾಗಕ್ಕೇ ಹೋಗಿ, ಬಾಗಿಲಲ್ಲೇ ಹೇಳಿ: “ಇವರಿಗೆ ಮೊದಲು ಸೆಪ್ಸಿಸ್ ಆಗಿತ್ತು, ಆವಾಗ ಹಾರ್ಟ್ ವೀಕ್ ಆಗಿತ್ತು.”